ಗಾಡಿಯ ನಡುಕ, ಅವ್ವನ ಕೈ

ಅಪ್ಪ ಮಾಡಿದ ತಪ್ಪಿನ ಶಿಕ್ಷೆಯನ್ನು ಅನುಭವಿಸಿದವಳು ಅವ್ವ. ಅಪ್ಪನಿಗೆ ಏನೂ ಆಗಲಿಲ್ಲ. ಪಕ್ಕದಲ್ಲಿ ಕೂತು ಆ ತಪ್ಪನ್ನು ಕಣ್ಣಾರೆ ಕಂಡ ಕುಲಕರ್ಣಿ ಕಾಕಾನಿಗೆ ಏನೂ ಆಗಲಿಲ್ಲ. ಬಣ್ಣದ ಡಬ್ಬಿ ಹಿಡಿದು ನಿಂತಿದ್ದ ಹನ್ನೊಂದು ವರ್ಷದ ನನಗೂ ಏನೂ ಆಗಲಿಲ್ಲ. ಅವ್ವನ ನೌಕರಿ ಹೋಯಿತು, ಕಾರಿನ ಕೀಲಿಕೈ ಹೋಯಿತು, ತನ್ನ ಕೈಗಳ ಮೇಲೆ ಅವಳಿಗಿದ್ದ ನಂಬಿಕೆ ಹೋಯಿತು. ಬಾಲ್ಯದ ಮನೆಯ ಬಗ್ಗೆ ಬರೆಯುವಾಗ ಸವಿನೆನಪುಗಳಿಂದ ಶುರುಮಾಡು ಎಂದು ಹಿತೈಷಿಗಳು ಹೇಳಿದ್ದಾರೆ. ಸವಿ ಆ ಮನೆಯಲ್ಲಿ ಇರಲಿಲ್ಲವೆಂದಲ್ಲ. ಅದನ್ನೇ ಮೊದಲು ಬಡಿಸಿಬಿಟ್ಟರೆ ಓದುವವರು ಹೊಟ್ಟೆ ತುಂಬಿಸಿಕೊಂಡು ಎದ್ದುಹೋಗುತ್ತಾರೆ ಎಂಬುದು ನನ್ನ ಅನುಭವ.

ತೊಂಬತ್ತರ ದಶಕದ ಆ ವರ್ಷಗಳಲ್ಲಿ ನಾವು ಇದ್ದದ್ದು ವಡೋದರಾದ ಹೊರಗೆ, ಕೊಯಾಲಿಯ ಹತ್ತಿರದ ಒಂದು ತೈಲ ಶುದ್ಧೀಕರಣ ಕಾರ್ಖಾನೆಯ ಟೌನ್‌ಶಿಪ್ಪಿನಲ್ಲಿ. ನೆಲಮಹಡಿಯ ಕ್ವಾರ್ಟರ್ಸು, ಎರಡು ಕೋಣೆ, ಉದ್ದನೆಯ ಅಡುಗೆಮನೆ, ಮುಂದೆ ಕಾರು ನಿಲ್ಲುವಷ್ಟು ಪೋರ್ಟಿಕೊ. ಗಾಳಿ ಪಶ್ಚಿಮದಿಂದ ಬೀಸಿದರೆ ಒಣಗಹಾಕಿದ ಸೀರೆಗೂ ಎಣ್ಣೆಯ ಕಮಟು ಹತ್ತುತ್ತಿತ್ತು. ಅಪ್ಪ ಎಂಜಿನಿಯರು, ಕೊಳವೆಗಳಿಗೆ ಮತ್ತು ಟ್ಯಾಂಕುಗಳಿಗೆ ತುಕ್ಕು ಹಿಡಿಯದಂತೆ ಕಾಯುವ ವಿಭಾಗದವರು. ತುಕ್ಕಿನ ಮೇಲಿನ ಅವರ ಹಗೆ ಸಂಜೆ ಐದೂವರೆಗೆ ಕಂಪನಿಯ ಬಸ್ಸಿನಿಂದ ಇಳಿದ ಮೇಲೂ ಮುಗಿಯುತ್ತಿರಲಿಲ್ಲ. ಕಿಟಕಿಯ ಸರಳು, ಕಬ್ಬಿಣದ ಮಂಚ, ಗ್ಯಾಸ್ ಸಿಲಿಂಡರಿನ ಗಾಲಿಮಣೆ, ಅವ್ವ ಧಾರವಾಡದ ತವರಿನಿಂದ ತಂದ ಟ್ರಂಕು, ಎಲ್ಲಕ್ಕೂ ಬೆಳ್ಳಿಬಣ್ಣ. ನಮ್ಮ ಮನೆಯೊಳಗೆ ನಡೆದಾಡುವುದೆಂದರೆ ಒಂದು ಸಣ್ಣ ಕಾರ್ಖಾನೆಯೊಳಗೆ ನಡೆದಾಡಿದಂತೆ. ಗಾಳಿಗೆ ತೆರೆದ ಯಾವ ಲೋಹವೂ ಬರಿಮೈಯಲ್ಲಿ ಇರಕೂಡದು ಎಂಬುದು ಅವರ ಧರ್ಮ. ಅದನ್ನು ಅವರು ಚರ್ಚೆಗೆ ಇಡುತ್ತಿರಲಿಲ್ಲ. ರೊಟ್ಟಿಯ ಹಂಚೊಂದನ್ನು ಮಾತ್ರ ಅವ್ವ ಕಾಪಾಡಿಕೊಂಡಿದ್ದಳು.

"ಇದಕ್ಕಷ್ಟ ಹಚ್ಚಬ್ಯಾಡ್ರಿ," ಎನ್ನುತ್ತಿದ್ದಳು. "ಆಮ್ಯಾಲೆ ರೊಟ್ಟಿ ಒಡ್ಯಾಣಧಂಗ ಹೊಳೀಲಿಕ್ಕೆ ಹತ್ತತಾವ."

ಅಪ್ಪ ನಗುತ್ತಿದ್ದರು. ಆಗ ಅವರಿಗೆ ಅವಳ ಮಾತಿಗೆ ನಗುವುದು ಗೊತ್ತಿತ್ತು.

ಅವ್ವ ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು. ಮದುವೆಯಾಗಿ ಹನ್ನೆರಡು ವರ್ಷ ಆ ಓದು ನನ್ನ ಮನೆಪಾಠದಲ್ಲಿ, ಪಕ್ಕದವರ ಮಕ್ಕಳ ಸಂಶಯಗಳಲ್ಲಿ ಸವೆಯಿತು. ವಡೋದರಾದ ಫತೇಗಂಜಿನ ಒಂದು ಶಾಲೆಯಲ್ಲಿ ಒಂಬತ್ತನೆಯ ಮತ್ತು ಹತ್ತನೆಯ ತರಗತಿಗೆ ಪಾಠ ಹೇಳುವ ಕೆಲಸ ಸಿಕ್ಕಾಗ ಮನೆಯಲ್ಲಿ ಎದ್ದ ಮೊದಲ ಪ್ರಶ್ನೆ, ಹೋಗುವುದು ಹೇಗೆ ಎಂಬುದು. ಶಾಲೆ ಬೆಳಿಗ್ಗೆ ಏಳೂಕಾಲಿಗೆ. ಟೌನ್‌ಶಿಪ್ಪಿನಿಂದ ಊರಿಗೆ ಹೋಗುವ ಬಸ್ಸು ಒಂಬತ್ತಕ್ಕೆ. ಅಪ್ಪನನ್ನು ಕಂಪನಿಯ ಬಸ್ಸು ಒಯ್ಯುತ್ತಿದ್ದುದರಿಂದ ನಮ್ಮ ಪುಟ್ಟ ಬಿಳಿ ಕಾರು ವಾರವಿಡೀ ಪೋರ್ಟಿಕೊದಲ್ಲಿ ಹೊದಿಕೆ ಹೊದ್ದು ಮಲಗಿರುತ್ತಿತ್ತು. ಅವ್ವ ಡ್ರೈವಿಂಗ್ ಕ್ಲಾಸಿಗೆ ಸೇರಿ ಒಂದೂವರೆ ತಿಂಗಳಲ್ಲಿ ಕಲಿತಳು. ಅಲ್ಲಿಂದ ಮುಂದೆ ಎರಡು ವರ್ಷ, ಬೆಳಿಗ್ಗೆ ಆರೂವರೆಗೆ ಆ ಹೊದಿಕೆಯನ್ನು ಮಡಚುವ ಸಪ್ಪಳವೇ ನನ್ನನ್ನು ಎಬ್ಬಿಸುತ್ತಿತ್ತು. ಮಧ್ಯಾಹ್ನ ಮರಳಿದಾಗ ಅವಳ ಸೀರೆಯ ಸೆರಗಿಗೆ ಸೀಮೆಸುಣ್ಣದ ಪುಡಿ, ಸೀಟಿನ ಮೇಲೆ ಫತೇಗಂಜಿನ ಬೇಕರಿಯ ಬ್ರೆಡ್ಡು, ವಿಶ್ವವಿದ್ಯಾಲಯದ ಹುಡುಗರು ಮಾರಿಬಿಟ್ಟ ಹಳೆಯ ಪುಸ್ತಕಗಳು. ಊಟಕ್ಕೆ ಕೂತಾಗ ಅವಳು ತರಗತಿಯಲ್ಲಿ ನಡೆದದ್ದನ್ನು ಹೇಳುತ್ತಿದ್ದಳು. ಹೆಂಗಸೊಬ್ಬಳು ಊಟದ ನಡುವೆ ತನ್ನ ಕೆಲಸದ ಬಗ್ಗೆ ಮಾತಾಡುವುದನ್ನು ನಾನು ಮೊದಲು ಕೇಳಿದ್ದು ನಮ್ಮ ಮನೆಯಲ್ಲೇ. ಅದು ಎರಡೇ ವರ್ಷ ಕೇಳಿಸಿತು ಎಂಬುದನ್ನೂ ಇಲ್ಲಿ ದಾಖಲಿಸಬೇಕು.

ದಸರೆಯ ಹಿಂದಿನ ದಿನ ನಮ್ಮಲ್ಲಿ ಖಂಡೇನವಮಿ. ಹೊರಗೆ ಮೈದಾನದಲ್ಲಿ ಗರ್ಬಾದ ಕಂಬ ನೆಟ್ಟಿರುತ್ತಿದ್ದರು. ಒಳಗೆ ಕರ್ನಾಟಕದ ನಾಲ್ಕೈದು ಮನೆಗಳವರು ಸ್ಪ್ಯಾನರು, ಹೊಲಿಗೆಯಂತ್ರ, ಕಾರು, ಸ್ಕೂಟರುಗಳನ್ನು ತೊಳೆದು ಕುಂಕುಮ ಹಚ್ಚುತ್ತಿದ್ದೆವು. ಆ ವರ್ಷ ಮುಂದಿನ ಚಕ್ರಗಳ ಬ್ರೇಕ್ ಪ್ಯಾಡುಗಳು ಸವೆದಿದ್ದವು. ಪೂಜೆಗೆ ಮುಂಚೆ ಹೊಸದು ಹಾಕಿಬಿಡೋಣವೆಂದು ಅಪ್ಪ ಮತ್ತು ಎದುರುಮನೆಯ ಕುಲಕರ್ಣಿ ಕಾಕಾ, ಇಬ್ಬರೂ ಎಂಜಿನಿಯರುಗಳು, ಪೋರ್ಟಿಕೊದಲ್ಲಿ ಕಾರನ್ನು ಜಾಕಿನ ಮೇಲೇರಿಸಿದರು. ಚಕ್ರದ ಜೊತೆ ತಿರುಗುವ ಉಕ್ಕಿನ ತಟ್ಟೆಯೊಂದಿದೆ, ಡಿಸ್ಕ್ ಎನ್ನುತ್ತಾರೆ. ಎರಡು ಪ್ಯಾಡುಗಳು ಅದನ್ನು ಎರಡೂ ಕಡೆಯಿಂದ ಹಿಡಿದು ಗಾಡಿಯನ್ನು ನಿಲ್ಲಿಸುತ್ತವೆ. ಪ್ಯಾಡು ಬದಲಿಸಲು ಆ ತಟ್ಟೆಯನ್ನು ಬಿಚ್ಚಬೇಕಾದ ಅಗತ್ಯವಿರಲಿಲ್ಲ. ಹಬ್ಬವೆಂದ ಮೇಲೆ ಪೂರ್ತಿ ಸ್ವಚ್ಛವಾಗಲಿ ಎಂದು ಅಪ್ಪ ಅದನ್ನೂ ಬಿಚ್ಚಿದರು. ಅದು ಕೂರುವ ಹಬ್ಬಿನ, ಅಂದರೆ ಚಕ್ರದ ನಡುವಿನ ಗುಂಬದ, ಮುಖ ಬರಿಮೈಯಲ್ಲಿತ್ತು, ಅಂಚಿನಲ್ಲಿ ತುಸು ತುಕ್ಕೂ ಇತ್ತು.

"ವಿದ್ಯಾ, ಆ ಡಬ್ಬಿ ಹಿಡಿ ಇಲ್ಲೆ," ಎಂದರು ಅಪ್ಪ.

"ಅಲ್ಲಿ ಹಚ್ಚೂದೇನ್ರಿ?" ಎಂದು ಕುಲಕರ್ಣಿ ಕಾಕಾ ಕೇಳಿದರು. ಅವರು ಕೇಳಿದ್ದು ನನಗೆ ಸ್ಪಷ್ಟವಾಗಿ ನೆನಪಿದೆ.

"ಬರೀ ಲೋಹ ಬಿಟ್ಟು ಪೂಜಾ ಮಾಡೂದೇನು? ಎರಡು ಕೈ ಹಚ್ಚಿದ್ರ ಹತ್ತು ವರ್ಷ ನೋಡೂ ಹಂಗಿಲ್ಲ."

ಕಾಕಾ ಕುಂಚವನ್ನು ಅಪ್ಪನ ಕೈಗೆ ಕೊಟ್ಟರು. ಬೆಳ್ಳಿಬಣ್ಣ ಎರಡು ಕೈ ಬಿದ್ದಿತು. ಕುಂಚದ ಗೆರೆಗಳು ಅಲ್ಲಲ್ಲಿ ದಪ್ಪವಾಗಿ ನಿಂತದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಅದು ಒಣಗಿದ ಮೇಲೆ ತಟ್ಟೆ ಕೂರಿಸಿ, ಹೊಸ ಪ್ಯಾಡು ಹಾಕಿ, ಚಕ್ರ ಬಿಗಿದರು. ಅಪ್ಪ ಕ್ಲಬ್ಬಿನವರೆಗೆ ಓಡಿಸಿಕೊಂಡು ಬಂದು, ಬೆಣ್ಣೆಯ ಹಾಗೆ ನಿಲ್ಲುತ್ತದೆ ಎಂದರು. ಅವ್ವ ಆರತಿ ಎತ್ತಿದಳು. ಚಕ್ರದ ಕೆಳಗಿನ ನಿಂಬೆಹಣ್ಣು ಚಪ್ಪಟೆಯಾಯಿತು.

ದೀಪಾವಳಿ ಕಳೆದು ಕೆಲವು ದಿನಗಳಾಗಿದ್ದವು. ಮಧ್ಯಾಹ್ನದ ಊಟಕ್ಕೆ ಅಪ್ಪ ಮನೆಗೆ ಬಂದಿದ್ದ ಒಂದು ಶನಿವಾರ, ಝುಣಕ ಬಡಿಸುತ್ತ ಅವ್ವ ಮೊದಲ ಬಾರಿಗೆ ಹೇಳಿದಳು.

"ಶಾಲಿ ದಾರ್ಯಾಗ ಛಾಣಿ ನಾಕಾದ ಹತ್ರ ಬ್ರೇಕ್ ಹಾಕಿದ್ರ ಸ್ಟೇರಿಂಗು ಥರಗುಟ್ಟತದ್ರೀ. ಪೆಡಲಿನ್ಯಾಗೂ ತಿಳೀತದ, ಯಾರೋ ಕೆಳಗಿಂದ ಬಡದಂಗ."

"ಹೊಸಾ ಪ್ಯಾಡ್ ಹಾಕೇವಲ್ಲ."

"ಅದಕ್ಕ ಹೇಳಿದೆ. ಮೊದಲ ಇರಲಿಲ್ಲ, ಈಗ ಅದ."

"ನನ್ನ ಕೆಲಸದಾಗ ದೋಷ ಇದ್ದಿದ್ರ ಮೊದಲನೇ ದಿನಾನ ತೋರಸ್ತಿತ್ತು. ತಿಂಗಳಾದ ಮ್ಯಾಲೆ ಯಾಕ ಬರತದ? ನಾ ನಿನ್ನೆ ಓಡಸೇನಿ, ಏನೂ ಇಲ್ಲ."

"ನೀವು ಓಡಿಸಿದ್ದು ಕ್ಲಬ್ಬಿನ ತನಕ. ಅಲ್ಲೆ ಹಂಪುಗಳು ಇಪ್ಪತ್ತರ ಮ್ಯಾಲೆ ಹೋಗಲಿಕ್ಕೆ ಬಿಡತಾವೇನು? ಇದು ಅರವತ್ತಕ್ಕ ಬರೂದು."

ಅಪ್ಪ ತಟ್ಟೆಯಿಂದ ತಲೆ ಎತ್ತಿ ಅವಳ ಕೈ ನೋಡಿದರು. "ನಿನ್ನ ಕೈನ ನಡಗತಿರಬೇಕು," ಎಂದರು.

ಮುಂದೆ ನಡೆದುದಕ್ಕೆಲ್ಲ ಬೀಜ ಆ ಒಂದು ಮಾತು. ಮೊದಲ ತಪ್ಪು ಹಬ್ಬಿಗೆ ಹಚ್ಚಿದ ಬಣ್ಣ. ಅದು ಅಜ್ಞಾನ, ಕ್ಷಮಿಸಬಹುದು. ತುಕ್ಕಿನ ಮೇಲೆ ಹತ್ತಾರು ವರದಿ ಬರೆದವರಿಗೂ ಕಾರಿನ ಒಂದು ಭಾಗ ತಿಳಿಯದಿರಬಹುದು. ಎರಡನೆಯ ತಪ್ಪು ಅಜ್ಞಾನವಲ್ಲ. ಗಾಡಿಯ ಚಕ್ರ ಬಿಚ್ಚಿ ನೋಡುವ ಬದಲು ಹೆಂಡತಿಯ ಕೈ ನೋಡಿದ್ದು ಒಂದು ಆಯ್ಕೆ. ಅಪ್ಪ ಅದನ್ನು ಪ್ರಜ್ಞಾಪೂರ್ವಕವಾಗಿ ಮಾಡಿದರು, ಮತ್ತು ಮರುದಿನ, ಭಾನುವಾರ ಬೆಳಿಗ್ಗೆ, ಪೋರ್ಟಿಕೊದಲ್ಲಿ ಚಹಾ ಕುಡಿಯುತ್ತ ಅದಕ್ಕೆ ಸಾಕ್ಷಿದಾರರನ್ನೂ ಸೇರಿಸಿಕೊಂಡರು.

"ವೈನಿ, ನೀವು ಬ್ರೇಕಿನ ಮ್ಯಾಲೆ ಕಾಲು ಇಟ್ಟಕೊಂಡ ಓಡಸ್ತೀರಿ ಅನಸ್ತದ," ಎಂದರು ಕುಲಕರ್ಣಿ ಕಾಕಾ. "ಅಂಜಿಕೊಂಡು ಓಡಿಸಿದ್ರ ಗಾಡೀನೂ ಅಂಜತದ."

"ಕುಲಕರ್ಣಿಯವ್ರ, ಗಾಡಿಗೆ ಅಂಜಿಕೆ ಇದ್ದಿದ್ರ ಅದು ನಿಮ್ಮ ಕೈಯಾಗ ಜಾಕಿನ ಮ್ಯಾಲೆ ಏರತಿರಲಿಲ್ಲ," ಎಂದಳು ಅವ್ವ.

ಎಲ್ಲರೂ ನಕ್ಕರು. ಆದರೆ ಅವಳ ಮಾತಿಗೆ ನಕ್ಕದ್ದಲ್ಲ, ಅವಳು ಸಿಟ್ಟಾದದ್ದಕ್ಕೆ ನಕ್ಕದ್ದು. ಆ ವ್ಯತ್ಯಾಸ ನನಗೆ ಆಗಲೇ ತಿಳಿಯುತ್ತಿತ್ತು. ತಿಳಿದೂ ನಾನು ಅವರ ಜೊತೆ ನಕ್ಕೆ. ಮರುದಿನದಿಂದ ಊಟದ ಹೊತ್ತಿಗೆ ಸಾರಿನ ಸೌಟು ಹಿಡಿದು ಬೇಕೆಂದೇ ಕೈ ನಡುಗಿಸಿ ಅಪ್ಪನನ್ನು ನಗಿಸುತ್ತಿದ್ದೆ. ಅವ್ವ ನನ್ನ ಕೈಯಿಂದ ಸೌಟು ತೆಗೆದುಕೊಂಡು ತಾನೇ ಬಡಿಸುತ್ತಿದ್ದಳು. ಬೈಯಲಿಲ್ಲ. ಇತರರ ತಪ್ಪನ್ನು ಹೆಸರಿಸುವ ಹಕ್ಕು ನನಗೆ ಬರಬೇಕಾದರೆ ಇದನ್ನೂ ಹೆಸರಿಸಬೇಕು: ಆ ಮನೆಯಲ್ಲಿ ಗೆಲ್ಲುವವರ ಪಕ್ಷ ಯಾವುದೆಂದು ನೋಡಿ ನಾನು ಅಲ್ಲಿ ಹೋಗಿ ನಿಂತೆ.

ಅವ್ವ ಮಾಡಿದ್ದು ಒಬ್ಬ ಭೌತಶಾಸ್ತ್ರದ ಮೇಷ್ಟ್ರು ಮಾಡುವ ಕೆಲಸ. ಒಂದು ನೋಟುಪುಸ್ತಕದಲ್ಲಿ ಗೆರೆ ಹಾಕಿ ಬರೆಯತೊಡಗಿದಳು. ನಲವತ್ತರ ವೇಗ, ಬ್ರೇಕ್, ನಡುಕ ಇಲ್ಲ. ಅರವತ್ತು, ಬ್ರೇಕ್, ನಡುಕ ಇದೆ. ಎಪ್ಪತ್ತು, ಬ್ರೇಕ್ ಇಲ್ಲ, ನಡುಕ ಇಲ್ಲ. ಕೈಯೇ ನಡುಗುವುದಾದರೆ ಬ್ರೇಕ್ ಹಾಕದಾಗಲೂ ನಡುಗಬೇಕಲ್ಲ ಎಂಬ ಸರಳ ತರ್ಕ ಆ ಸಾಲುಗಳಲ್ಲಿತ್ತು. ಆರು ಪುಟ ತುಂಬಿದ ಮೇಲೆ ಅದನ್ನು ಅಪ್ಪನ ಮುಂದಿಟ್ಟಳು. ಅಪ್ಪ ಓದಲಿಲ್ಲ ಎನ್ನಲಾರೆ, ಓದಿದರು. ಓದಿ, ಅದನ್ನು ಟೌನ್‌ಶಿಪ್ಪಿನ ದವಾಖಾನೆಯ ವೈದ್ಯರ ಬಳಿ ಒಯ್ದರು. ಅವ್ವನನ್ನೂ ಕರೆದೊಯ್ದರು, ನಾನು ಬೆಂಚಿನ ಮೇಲೆ ಕೂತಿದ್ದೆ.

"ಒಂದು ವಿಷಯ ತಲ್ಯಾಗ ಹೊಕ್ಕರ ಬಿಡಂಗಿಲ್ಲ, ನೋಡ್ರಿ ಹೆಂಗ ಬರದಾಳ," ಎಂದು ನಮ್ಮ ಕಡೆಯವರೇ ಆಗಿದ್ದ ಆ ವೈದ್ಯರಿಗೆ ಅಪ್ಪ ಹೇಳಿದರು. "ನಿದ್ದಿನೂ ಸರಿ ಇಲ್ಲ."

"ನಿದ್ದಿ ಸರಿ ಅದ," ಎಂದಳು ಅವ್ವ.

"ಕೈ ಮುಂದ ಮಾಡ್ರಿ, ತಾಯಿ," ಎಂದರು ವೈದ್ಯರು. ಅವ್ವ ಮುಂದೆ ಚಾಚಿದಳು. ಅವಮಾನದಿಂದ, ಸಿಟ್ಟಿನಿಂದ, ಆ ಕ್ಷಣ ಅವಳ ಬೆರಳುಗಳು ನಿಜವಾಗಿ ನಡುಗಿದವು. ವೈದ್ಯರು ಅಪ್ಪನ ಮುಖ ನೋಡಿ ತಲೆಯಾಡಿಸಿದರು. ನರದೌರ್ಬಲ್ಯ ಎಂದು ಚೀಟಿಯಲ್ಲಿ ಬರೆದರು. ದಿನಕ್ಕೆರಡು ಗುಳಿಗೆ.

ಆ ಗುಳಿಗೆ ನಿದ್ದೆ ಬರಿಸುವಂಥದು. ಅದನ್ನು ನುಂಗಿ ಮುಂಜಾನೆ ಗಾಡಿ ಓಡಿಸಬಹುದೇ ಎಂದು ಅವ್ವ ಕೇಳಿದ್ದಕ್ಕೆ ಯಾರೂ ಸರಿಯಾದ ಉತ್ತರ ಕೊಡಲಿಲ್ಲ. ಹದಿನೈದು ದಿನ ಅವಳು ತೂಕಡಿಸುವ ಕಣ್ಣುಗಳನ್ನು ತಣ್ಣೀರಿನಲ್ಲಿ ತೊಳೆದುಕೊಂಡು ಫತೇಗಂಜಿಗೆ ಹೋಗಿ ಬಂದಳು. ಹದಿನಾರನೆಯ ದಿನ ಗಾಡಿಯನ್ನು ಹಿಂದಕ್ಕೆ ತೆಗೆಯುವಾಗ ಶಾಲೆಯ ಕಾಂಪೌಂಡಿನ ಗೋಡೆಗೆ ಬಂಪರು ತಾಗಿಸಿದಳು. ಯಾರಿಗೂ ಪೆಟ್ಟಾಗಲಿಲ್ಲ. ಅಪ್ಪನಿಗೆ ಬೇಕಾಗಿದ್ದ ಪುರಾವೆ ಸಿಕ್ಕಿತು. ಕೀಲಿಕೈ ಅವರ ಆಫೀಸಿನ ಚೀಲ ಸೇರಿತು. ರಾಜೀನಾಮೆಯನ್ನು ಅವರೇ ಇಂಗ್ಲಿಷಿನಲ್ಲಿ ಬರೆದರು, ಅನಾರೋಗ್ಯದ ಕಾರಣ ಎಂದು; ಅಡುಗೆಮನೆಯ ಕಟ್ಟೆಯ ಮೇಲೆ, ಹಿಟ್ಟಿನ ಡಬ್ಬಿಯನ್ನು ಸರಿಸಿ, ಅವ್ವ ಸಹಿ ಹಾಕಿದಳು. ಸಹಿ ಮಾಡುವಾಗ ಕೈ ನಡುಗಲಿಲ್ಲ. ನಾನು ನೋಡಿದ್ದೇನೆ.

ಫೆಬ್ರವರಿಯಲ್ಲಿ ಅಹಮದಾಬಾದಿನಲ್ಲಿ ಅಪ್ಪನ ಚಿಕ್ಕಪ್ಪನ ಮಗನ ಮನೆಯಲ್ಲಿ ಮಗುವನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ರಮವಿತ್ತು. ನಾವು ಬೆಳಿಗ್ಗೆಯೇ ಹೊರಟೆವು. ಅಪ್ಪ ಓಡಿಸುತ್ತಿದ್ದರು, ಮುಂದೆ, ಅಹಮದಾಬಾದಿನಲ್ಲಿ ಕೆಲಸವಿದೆಯೆಂದು ಜೊತೆಗೆ ಬಂದ ಕುಲಕರ್ಣಿ ಕಾಕಾ, ಹಿಂದೆ ಅವ್ವ ಮತ್ತು ನಾನು, ನಮ್ಮಿಬ್ಬರ ನಡುವೆ ಕರದಂಟಿನ ಡಬ್ಬಿ. ಎರಡು ವರ್ಷಗಳಲ್ಲಿ ಅಪ್ಪ ಹೆದ್ದಾರಿಯ ಮೇಲೆ ಆ ಕಾರನ್ನು ಓಡಿಸಿದ್ದು ಅದೇ ಮೊದಲು. ಆನಂದ್ ದಾಟಿದ ಮೇಲೆ ಎಂಬತ್ತರ ವೇಗದಲ್ಲಿದ್ದಾಗ ಮುಂದೆ ಒಂದು ಟ್ರ್ಯಾಕ್ಟರು ಅಡ್ಡ ಬಂತು. ಅಪ್ಪ ಬ್ರೇಕ್ ಒತ್ತಿದರು. ಇಡೀ ಗಾಡಿ ಗಡಗಡ ನಡುಗಿತು. ಸ್ಟೇರಿಂಗು ಅವರ ಎರಡೂ ಕೈಗಳನ್ನು ಹಿಡಿದು ಜಾಡಿಸುವುದು ಹಿಂದಿನ ಸೀಟಿನಿಂದಲೂ ಕಾಣುತ್ತಿತ್ತು. ಕರದಂಟಿನ ಡಬ್ಬಿ ಕೆಳಗೆ ಬಿತ್ತು.

"ಗಾಡಿಗೆ ಏನೋ ಆಗೇದ," ಎಂದರು ಅಪ್ಪ.

ಮೂರು ತಿಂಗಳು ಅವ್ವನ ನರಗಳಲ್ಲಿದ್ದ ರೋಗ ಅಪ್ಪನ ಕೈ ತಾಗಿದ ಕೂಡಲೇ ಗಾಡಿಗೆ ವರ್ಗವಾಯಿತು. ತಮ್ಮ ಕೈ ನಡುಗುತ್ತಿರಬಹುದೆಂಬ ಅನುಮಾನ ಅವರಿಗೆ ಕ್ಷಣಮಾತ್ರವೂ ಬರಲಿಲ್ಲ. ಕುಲಕರ್ಣಿ ಕಾಕಾ ಅಪ್ಪನ ಕೈ ನೋಡಲಿಲ್ಲ. ಅಂಜಿಕೊಂಡು ಓಡಸ್ತೀರಿ ಎನ್ನಲಿಲ್ಲ. ಅವ್ವ ಬಗ್ಗಿ ಡಬ್ಬಿಯನ್ನು ಎತ್ತಿಕೊಂಡು, ಮುಚ್ಚಳ ಸರಿಮಾಡಿ, ಮಡಿಲಲ್ಲಿಟ್ಟುಕೊಂಡಳು.

ನಡಿಯಾದಿನ ಹೊರಗೆ, ರಸ್ತೆಬದಿಯಲ್ಲಿ ಬೇವಿನ ಮರದ ಕೆಳಗೆ ಒಂದು ಗ್ಯಾರೇಜಿತ್ತು. ಅದರ ಮಾಲೀಕ ಕಾಸಮ್‌ಭಾಯ್, ಬಿಳಿಗಡ್ಡದ ಮನುಷ್ಯ, ಗಾಡಿಯ ಬಾನೆಟ್ಟನ್ನೂ ಮುಟ್ಟದೆ ಮೊದಲು ಪ್ರಶ್ನೆ ಕೇಳಿದ. ಎಷ್ಟು ದಿನದಿಂದ? ಯಾವ ವೇಗಕ್ಕೆ? ಸ್ಟೇರಿಂಗಿನಲ್ಲೋ, ಸೀಟಿನಲ್ಲೋ? ಅಪ್ಪ ತಡವರಿಸಿದರು. ಅವರಿಗೆ ಗೊತ್ತಿದ್ದದ್ದು ಅರ್ಧ ಗಂಟೆಯ ಅನುಭವ. ಹಿಂದಿನ ಬಾಗಿಲು ತೆರೆದು ಇಳಿದು ಅವ್ವ ತನ್ನ ಗುಜರಾತಿಯಲ್ಲಿ ಒಂದೊಂದಾಗಿ ಉತ್ತರ ಕೊಟ್ಟಳು. ಪ್ಯಾಡ್ ಬದಲಿಸಿ ತಿಂಗಳಾದ ಮೇಲೆ ಶುರು. ಅರವತ್ತರಿಂದ ಮೇಲೆ. ಬ್ರೇಕ್ ಇದ್ದಾಗ ಮಾತ್ರ. ಸ್ಟೇರಿಂಗಿನಲ್ಲಿ, ಆಮೇಲೆ ಪೆಡಲಿನಲ್ಲಿ. ಗಾಡಿ ಬಿಸಿಯಾದರೆ ಹೆಚ್ಚು.

"ಬೆನ್ ಅರ್ಧ ಕೆಲಸ ಮಾಡಿಕೊಟ್ಟರು," ಎಂದ ಆತ ಅಪ್ಪನಿಗೆ, ಅವ್ವನನ್ನು ಗುಜರಾತಿಯಲ್ಲಿ ಅಕ್ಕ ಎಂದು ಕರೆಯುತ್ತ. "ಮುಂದಿನ ತಟ್ಟೆ ಓಲಾಡುತ್ತಿದೆ."

ಚಕ್ರ ಬಿಚ್ಚಿ, ಡಿಸ್ಕಿನ ಪಕ್ಕಕ್ಕೆ ಒಂದು ಸೈಕಲ್ ಕಡ್ಡಿಯನ್ನು ತಂತಿಯಿಂದ ಕಟ್ಟಿ, ಅದರ ತುದಿ ತಟ್ಟೆಗೆ ಇನ್ನೇನು ತಾಗಬೇಕು ಎನ್ನುವಂತೆ ನಿಲ್ಲಿಸಿದ. ಕೈಯಿಂದ ತಟ್ಟೆಯನ್ನು ನಿಧಾನವಾಗಿ ತಿರುಗಿಸಿದ. ಒಂದು ಕಡೆ ಕಡ್ಡಿ ಕಿರ್ರೆಂದು ಉಜ್ಜಿತು, ಇನ್ನೊಂದು ಕಡೆ ನಡುವೆ ಬೆಳಕು ಕಂಡಿತು. ತಟ್ಟೆ ತೆಗೆದಾಗ ಹಿಂದಿನ ಹಬ್ಬಿನ ಮೇಲೆ ಬೆಳ್ಳಿಬಣ್ಣ ಹೊಳೆಯುತ್ತಿತ್ತು, ಒಂದು ಕಡೆ ಗಂಟುಗಂಟಾಗಿ, ಇನ್ನೊಂದು ಕಡೆ ತೆಳ್ಳಗೆ. ಲೋಹಕ್ಕೆ ಲೋಹ ಕೂರಬೇಕಾದ ಜಾಗ ಇದು, ಎಂದು ಕಾಸಮ್‌ಭಾಯ್ ವಿವರಿಸಿದ. ನಡುವೆ ಕಾಗದದಷ್ಟು ದಪ್ಪ ಏನಿದ್ದರೂ ತಟ್ಟೆ ಸೊಟ್ಟ ತಿರುಗುತ್ತದೆ. ಮೊದಲ ದಿನ ತಿಳಿಯುವುದಿಲ್ಲ. ಸೊಟ್ಟ ತಿರುಗಿ ತಿರುಗಿ ಪ್ಯಾಡುಗಳು ಅದನ್ನು ಅಲ್ಲಲ್ಲಿ ಸವೆಸುತ್ತವೆ, ಆಮೇಲೆ ನಡುಕ ಶುರುವಾಗುತ್ತದೆ.

"ಯಾರು ಹಚ್ಚಿದ್ದು ಇದನ್ನ?" ಎಂದು ಕೇಳಿದ.

"ಯಾವನೋ ಗ್ಯಾರೇಜಿನವ ಹಚ್ಚಿರಬೇಕು," ಎಂದರು ಅಪ್ಪ.

ಕುಲಕರ್ಣಿ ಕಾಕಾ ಬೇವಿನ ಮರ ನೋಡುತ್ತಿದ್ದರು. ಅವ್ವ ನನ್ನ ಕಡೆ ನೋಡಿದಳು. ಕೇಳಲಿಲ್ಲ, ಬರೀ ನೋಡಿದಳು. ಡಬ್ಬಿ ಹಿಡಿದವಳು ನಾನೆಂದು ಅವಳಿಗೆ ಗೊತ್ತಿತ್ತು. ಅಪ್ಪನೇ ಹಚ್ಚಿದ್ದು ಎಂದು ಹೇಳಲು ಒಂದೇ ಮಾತು ಸಾಕಿತ್ತು. ನಾನು ಅದನ್ನು ಆಡಲಿಲ್ಲ. ಆಮೇಲಿನ ಮೂವತ್ತು ವರ್ಷ ನಾನು ಸಭೆಗಳಲ್ಲಿ, ಕಾರ್ಖಾನೆಗಳ ಗೇಟಿನಲ್ಲಿ, ತನಿಖಾ ಸಮಿತಿಗಳ ಮುಂದೆ ಹೆಂಗಸರ ಪರವಾಗಿ ಮಾತಾಡಿದ್ದೇನೆ, ಧೈರ್ಯವಂತೆ ಎನಿಸಿಕೊಂಡಿದ್ದೇನೆ. ಅದು ಧೈರ್ಯವಲ್ಲ. ನಡಿಯಾದಿನ ಆ ಮರದ ಕೆಳಗೆ ಮಾತಾಡದವಳ ಪಶ್ಚಾತ್ತಾಪ.

ಕಾಸಮ್‌ಭಾಯ್ ಬಣ್ಣವನ್ನೆಲ್ಲ ಕೆರೆದು, ಹಬ್ಬನ್ನು ಪಾಲಿಶ್ ಕಾಗದದಿಂದ ಉಜ್ಜಿ, ತಟ್ಟೆಗಳನ್ನು ಪಕ್ಕದ ಅಂಗಡಿಯ ಲೇತ್ ಯಂತ್ರದಲ್ಲಿ ಸಮಮಾಡಿಸಿ ತಂದ. ಮರಳಿ ಕೂರಿಸಿ ನಟ್ಟುಗಳನ್ನು ಒಂದರ ಎದುರಿಗೊಂದರಂತೆ ಸ್ವಲ್ಪಸ್ವಲ್ಪವೇ ಬಿಗಿದ. ಎರಡು ತಾಸು ಹಿಡಿಯಿತು. ಮುಗಿದ ಮೇಲೆ ಕೀಲಿಕೈಯನ್ನು ಅವ್ವನ ಕಡೆ ಚಾಚಿದ.

"ಬೆನ್ ಓಡಿಸಿ ನೋಡಲಿ. ನಡುಕ ಗೊತ್ತಿರುವುದು ಅವರಿಗೆ."

"ಬೇಡ, ಅವರಿಗೆ ಆರಾಮಿಲ್ಲ," ಎಂದು ಅಪ್ಪ ಹಿಂದಿಯಲ್ಲಿ ಹೇಳಿ ಕೀಲಿಕೈ ತೆಗೆದುಕೊಂಡರು. ಅವ್ವ ಆಗಲೇ ಚಾಚಿದ್ದ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

ಶಾಲೆಯಲ್ಲಿ ಅಷ್ಟು ಹೊತ್ತಿಗೆ ಬೇರೆ ಶಿಕ್ಷಕಿ ಬಂದಿದ್ದರು. ಗುಳಿಗೆಗಳನ್ನು ನಿಲ್ಲಿಸಲು ಯಾರೂ ಹೇಳಲಿಲ್ಲ. ಬೇಸಿಗೆಯಲ್ಲಿ ಅವ್ವ ತಾನೇ ನಿಲ್ಲಿಸಿದಳು. ಕಾರನ್ನು ಮತ್ತೆ ಕೇಳಲಿಲ್ಲ. ಕೆಲವು ವರ್ಷಗಳಲ್ಲಿ ಅವಳೇ ಹೇಳತೊಡಗಿದಳು: ನನಗ ಆಗಂಗಿಲ್ಲವಾ, ನನ್ನ ಕೈ ನಡಗತಾವ. ಬಿಸಿ ಪಾತ್ರೆ ಇಳಿಸುವಾಗ, ಬ್ಯಾಂಕಿನ ಚೀಟಿ ತುಂಬುವಾಗ, ನನ್ನ ಮಗಳನ್ನು ಮೊದಲ ಸಲ ಎತ್ತಿಕೊಳ್ಳುವಾಗ. ಆ ಕೈಗಳನ್ನು ನಾನು ಹಿಡಿದು ನೋಡಿದ್ದೇನೆ. ಅವು ನಡುಗುವುದಿಲ್ಲ.

ಈ ವರ್ಷ ಅವಳ ಮೊಣಕಾಲಿನ ಶಸ್ತ್ರಚಿಕಿತ್ಸೆಗೆಂದು ವಡೋದರಾದ ಆಸ್ಪತ್ರೆಯಲ್ಲಿ ಅರ್ಜಿ ತುಂಬಿದವರು ಅಪ್ಪ. ಹಿಂದಿನ ಕಾಯಿಲೆಗಳು ಎಂಬ ಜಾಗದಲ್ಲಿ ಅವರ ದುಂಡು ಅಕ್ಷರಗಳಲ್ಲಿ ಹೀಗಿದೆ: ನರದೌರ್ಬಲ್ಯ, ಹಳೆಯದು. ಅದನ್ನು ಓದಿದ ಮೇಲೆಯೇ ನಾನು ಈ ಅಧ್ಯಾಯ ಬರೆಯಲು ಕೂತದ್ದು.

ಅಪ್ಪಾ, ಸೋಮವಾರ ಆ ಆಸ್ಪತ್ರೆಗೆ ನಾನು ನಿಮ್ಮನ್ನು ಕರೆದೊಯ್ಯುತ್ತೇನೆ. ಆ ಸಾಲನ್ನು ನೀವೇ ನಿಮ್ಮ ಕೈಯಿಂದ ಹೊಡೆದುಹಾಕಿ, ಪಕ್ಕದಲ್ಲಿ ಸಹಿ ಮಾಡಬೇಕು. ಮನೆಗೆ ಬಂದು, ಆ ಬಣ್ಣ ನಾನು ಹಚ್ಚಿದ್ದು, ನಿನ್ನ ಕೈಗೆ ಯಾವ ರೋಗವೂ ಇರಲಿಲ್ಲ ಎಂದು ಅವ್ವನ ಮುಂದೆ ಹೇಳಬೇಕು. ತಪ್ಪು ತಿಳಿವಳಿಕೆ ಎಂಬ ಪದ ಬೇಡ, ಆಗಿಹೋಯಿತು ಎಂಬ ಪದ ಬೇಡ. ಕುಲಕರ್ಣಿ ಕಾಕಾ, ನೀವೀಗ ಸೂರತ್‌ನಲ್ಲಿ ಮಗಳ ಮನೆಯಲ್ಲಿದ್ದೀರಿ, ಕಣ್ಣುಗಳು ಚೆನ್ನಾಗಿವೆ ಎಂದು ಕೇಳಿದ್ದೇನೆ. ಫೋನಿನಲ್ಲಿ ಕುಶಲ ವಿಚಾರಿಸಿದರೆ ಸಾಲದು. ನೀವು ಕಂಡದ್ದನ್ನು, ಕಂಡೂ ಆಡದೆ ಉಳಿದದ್ದನ್ನು ಒಂದು ಹಾಳೆಯಲ್ಲಿ ಬರೆದು ಕಳಿಸಿ. ನನಗಲ್ಲ, ಅಪ್ಪನಿಗೂ ಅಲ್ಲ. ಲಕೋಟೆಯ ಮೇಲೆ ಅವಳ ಹೆಸರು ಬರೆಯಿರಿ: ಶ್ರೀಮತಿ ಸುಮಿತ್ರಾ, ಎಂ.ಎಸ್ಸಿ., ಭೌತಶಾಸ್ತ್ರ.